ಲೋಂಡಾದಲ್ಲಿ ಒಬ್ಬಳೇ ಇಳಿದವಳು

ನಜ್ಮುನ್ನಿಸಾ ಆ ವಿಡಿಯೊವನ್ನು ಮೊದಲ ಸಲ ನೋಡಿದಾಗ ಅದು ತನ್ನ ಮನೆಗೆ ಸಂಬಂಧಪಟ್ಟದ್ದು ಎಂದು ಅವಳಿಗೆ ಹೊಳೆಯಲೇ ಇಲ್ಲ. ಜನವರಿಯ ಭಾನುವಾರ. ಗಂಡ ಯೂಸುಫ ಉದ್ಯಮಬಾಗದ ಫೌಂಡ್ರಿಗೆ ಪಾಳಿಗೆ ಹೋಗಿದ್ದ. ಹೊಲಿಗೆ ಯಂತ್ರದ ಮುಂದೆ ಮದುವೆಮನೆಯವರ ಬ್ಲೌಸುಗಳ ರಾಶಿ ಬಿದ್ದಿತ್ತು. ಬೆನ್ನು ನೆಟ್ಟಗೆ ಮಾಡಿಕೊಳ್ಳಲೆಂದು ಫೋನು ಕೈಗೆತ್ತಿಕೊಂಡರೆ ಓಣಿಯ ಹೆಂಗಸರ ಗ್ರೂಪಿನಲ್ಲಿ ಯಾರೋ ಅದನ್ನು ಕಳಿಸಿದ್ದರು. ಗೋವಾದ ಯಾವುದೋ ಬೀಚು. ಸಮುದ್ರದಲ್ಲಿ ಒಂದು ದೋಣಿ ಬಣ್ಣಬಣ್ಣದ ಪ್ಯಾರಾಶೂಟನ್ನು ಹಗ್ಗ ಕಟ್ಟಿ ಎಳೆದುಕೊಂಡು ಓಡುತ್ತಿತ್ತು. ಪ್ಯಾರಾಶೂಟಿನ ಕೆಳಗೆ ಒಬ್ಬ ಹುಡುಗಿ ಕಾಲು ಇಳಿಬಿಟ್ಟು ತೂಗುತ್ತಿದ್ದಳು. ನೋಡುತ್ತಿದ್ದಂತೆ ಹಗ್ಗ ಹರಿಯಿತು. ಗಾಳಿ ಪ್ಯಾರಾಶೂಟನ್ನು ಓರೆಯಾಗಿ ಹೊತ್ತುಕೊಂಡು ಬಂದು ದಂಡೆಯ ಕರಿಬಂಡೆಗಳ ಮೇಲೆ ಕೆಡವಿತು. ಮುಂದಿನದು ಬರೀ ಜನರ ಚೀರಾಟ. ಕೆಳಗೆ ಯಾರೋ ಬರೆದಿದ್ದರು: ಬೆಳಗಾವಿ ಹುಡುಗಿ ಅಂತ, ಪಾಪ.

‘ಯಾರ ಮಗಳೋ ಏನೋ’ ಎಂದುಕೊಂಡು ಫೋನು ಕೆಳಗಿಟ್ಟವಳು, ಸೂಜಿಗೆ ದಾರ ಪೋಣಿಸುತ್ತಿದ್ದಂತೆ ತಟಕ್ಕನೆ ನಿಂತಳು. ಮತ್ತೆ ಫೋನು ತೆಗೆದಳು. ಈ ಸಲ ಬಂಡೆಯನ್ನು ನೋಡಲಿಲ್ಲ, ಪ್ಯಾರಾಶೂಟನ್ನು ನೋಡಲಿಲ್ಲ. ಲೈಫ್ ಜಾಕೀಟಿನ ಹೊರಗೆ ಚಾಚಿಕೊಂಡಿದ್ದ ಎರಡು ತೋಳುಗಳನ್ನು ನೋಡಿದಳು. ಹಳದಿ ತೋಳು. ಜಾಕೀಟಿನ ಕೆಳಗೆ ಗಿಳಿಹಸಿರು ಅಂಚು. ಹಸಿರು ಬಟ್ಟೆ ಸಾಲದೆ ತೋಳಿಗೆ ಹಳದಿ ಜೋಡಿಸಿ ಹೊಲಿದಿದ್ದವಳು ಅವಳೇ. ಬೆಳಗಾವಿಯಲ್ಲಿ ಅಂಥ ಕುರ್ತಾ ಇನ್ನೊಂದು ಇರಲು ಸಾಧ್ಯವಿರಲಿಲ್ಲ. ಅದನ್ನು ತೊಟ್ಟು ಮಗಳು ಮಹೇಕ ನಿನ್ನೆ ಬೆಳಿಗ್ಗೆ ಖಾನಾಪುರಕ್ಕೆ ಹೋಗಿದ್ದಳು. ಗೆಳತಿ ಸಮೃದ್ಧಿಯ ಮನೆಯಲ್ಲಿ ಎರಡು ದಿನ ಇದ್ದು ಕಾಲೇಜಿನ ಪ್ರಾಜೆಕ್ಟ್ ಮುಗಿಸಿ ಬರುತ್ತೇನೆ ಎಂದಿದ್ದಳು.

ಮಹೇಕಳ ಫೋನು ಸ್ವಿಚ್ ಆಫ್. ಸಮೃದ್ಧಿಯ ಫೋನು ರಿಂಗಾಗಿ ರಿಂಗಾಗಿ ನಿಂತುಹೋಯಿತು. ಯೂಸುಫನ ನಂಬರಿನ ಮೇಲೆ ಬೆರಳಿಟ್ಟವಳು ಒತ್ತಲಿಲ್ಲ. ಕಾದ ಕಬ್ಬಿಣದ ಮುಂದೆ ನಿಂತವನಿಗೆ ಏನಂತ ಹೇಳುವುದು? ಬುರ್ಖಾ ಹಾಕಿಕೊಂಡು, ಬಾಗಿಲು ಎಳೆದುಕೊಂಡು, ರಸ್ತೆಗೆ ಬಂದು ಸಿಕ್ಕ ಬಸ್ಸು ಹತ್ತಿದಳು.

ಹೆಂಗಸರ ಪುಕ್ಕಟೆ ಟಿಕೇಟಿಗಾಗಿ ಕಂಡಕ್ಟರ್ ಆಧಾರ್ ಕಾರ್ಡು ಕೇಳಿದ. ಅವಳು ವಿಡಿಯೊ ಇದ್ದ ಫೋನನ್ನೇ ಅವನ ಮುಂದೆ ಹಿಡಿದಳು. ಅವನು ಅವಳ ಮುಖ ನೋಡಿ ಸುಮ್ಮನೆ ಟಿಕೇಟು ಹರಿದುಕೊಟ್ಟು ಮುಂದೆ ಹೋದ. ಪೀರನವಾಡಿ ದಾಟಿತು, ದೇಸೂರು ದಾಟಿತು. ಖಾನಾಪುರದಲ್ಲೇ ಇರಲಿ, ಕುರ್ತಾ ಯಾರಿಗೋ ಕೊಟ್ಟಿರಲಿ, ಆ ಮನೆಯ ಅಟ್ಟದ ಮೇಲೆ ಕೂತು ನಗುತ್ತಿರಲಿ ಎಂದು ಅವಳು ದಾರಿಯುದ್ದಕ್ಕೂ ಬೇಡಿಕೊಂಡಳು.

ಸಮೃದ್ಧಿಯ ತಾಯಿ ಬಸವಣ್ಣೆವ್ವ ಸ್ಟೇಷನ್ ರಸ್ತೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಇಬ್ಬರು ತಾಯಂದಿರೂ ಒಮ್ಮೆ ಕಾಲೇಜಿನಲ್ಲಿ ಭೇಟಿಯಾಗಿದ್ದರು, ಅಷ್ಟೆ. ನಜ್ಮುನ್ನಿಸಾ ಬಾಗಿಲಲ್ಲಿ ನಿಂತಾಗ ಬಸವಣ್ಣೆವ್ವ ಗಿರಣಿ ಬಂದ್ ಮಾಡಿ, ಮೊಣಕೈತನಕ ಹಿಟ್ಟು ಮೆತ್ತಿದ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಎದ್ದುಬಂದಳು.

“ಬರ್ರಿ ಅಕ್ಕಾರ, ಕುಂದರ್ರಿ. ಸಮೂನ್ನ ಕರಕೊಂಡು ಬಂದ್ರೇನು? ಅಕಿ ನಾಳೆ ಬರತೀನಿ ಅಂದಿದ್ಲು.”

ನಜ್ಮುನ್ನಿಸಾ ಅಲ್ಲೇ ಜೋಳದ ಚೀಲದ ಮೇಲೆ ಕುಸಿದು ಕೂತಳು. “ನಮ್ಮಾಕಿ ನಿಮ್ಮ ಮನಿಗಿ ಹೋಗ್ತೀನಿ ಅಂತ ಬಂದಾಳ್ರಿ” ಎಂದಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಹುಡುಗಿಯರು ಎರಡೂ ಮನೆಯಲ್ಲಿ ಸುಳ್ಳು ಹೇಳಿ ಹೋಗಿದ್ದರು. ನಜ್ಮುನ್ನಿಸಾ ಫೋನು ಮುಂದೆ ಹಿಡಿದಳು. ಬಸವಣ್ಣೆವ್ವ ವಿಡಿಯೊ ನೋಡಿದಳು. ಅದು ಮುಗಿದ ಮೇಲೂ ಪರದೆಯನ್ನೇ ನೋಡುತ್ತಿದ್ದಳು.

“ಆ ತೋಳು ನಾ ಹೊಲಿದದ್ದರಿ. ನನ್ನ ಮಹೇಕರಿ ಅಕಿ.”

ಬಸವಣ್ಣೆವ್ವ ಹಿಟ್ಟಿನ ಕೈಯಲ್ಲೇ ಅವಳ ಎರಡೂ ಕೈ ಹಿಡಿದುಕೊಂಡಳು. “ಕಲ್ಲಿನ ಬಾಜೂಕ ನೀರಾಗ ಬಿದ್ದಿರಬೇಕು. ಜಾಕೀಟು ಹಾಕ್ಯಾರಲ್ಲ? ಜೀವಕ್ಕ ಏನೂ ಆಗಿರಂಗಿಲ್ಲ. ಸಮೂ ಜೊತಿಗೆ ಅದಾಳ, ಬಿಟ್ಟು ಹೋಗಾಕಿ ಅಲ್ಲ ಅಕಿ. ಎದಿ ಗಟ್ಟಿ ಮಾಡ್ಕೋರಿ” ಎಂದಳು. ಗಂಡ ತಮ್ಮಣ್ಣ ಹುಬ್ಬಳ್ಳಿಗೆ ಹೋಗಿದ್ದ. ಅವನಿಗಾಗಿ ಕಾಯದೆ, ಎದುರು ಮನೆಯ ಭರಮಣ್ಣನನ್ನು ಕೂಗಿ, ಗೋವಾಕ್ಕೆ ಹೊರಡಲು ಬಾಡಿಗೆ ಓಡಿಸುವ ಅವನ ಕಾರು ತರಿಸಿದಳು. ಮಗಳ ಮೇಲಿನ ಸಿಟ್ಟು ಅವಳ ಮುಖದಲ್ಲಿ ಒಂದು ಗಳಿಗೆ ಬಂದು ಹೋಯಿತು. ಆದರೆ ಎದುರಿಗೆ ಕೂತವಳ ಸಂಕಟದ ಮುಂದೆ ಅದನ್ನು ಆಡಿ ತೋರಿಸಲಿಲ್ಲ.

ಕಾರಿನ ಬಾಗಿಲು ತೆಗೆಯುತ್ತಿದ್ದಾಗ ನಜ್ಮುನ್ನಿಸಾಳ ಫೋನು ರಿಂಗಾಯಿತು. ಗುರುತಿಲ್ಲದ ನಂಬರು.

“ಅಮ್ಮೀ…”

ಮಹೇಕಳ ದನಿ. ಗಾಲಿಗಳ ಸದ್ದಿನಲ್ಲಿ ಮುಳುಗೇಳುತ್ತ, ಮನೆಮಾತಿನಲ್ಲಿ, ಅಳುತ್ತ ಹೇಳಿದಳು: ಯಾರದೋ ಫೋನಿನಿಂದ ಮಾಡುತ್ತಿದ್ದೇನೆ, ರೈಲಿನಲ್ಲಿದ್ದೇನೆ, ಇದು ಹುಬ್ಬಳ್ಳಿಗೆ ಹೋಗುವ ಗಾಡಿ, ಲೋಂಡಾದಲ್ಲಿ ಇಳಿಯುತ್ತೇನೆ. ಬಟ್ಟೆ ಅದಲುಬದಲು ಮಾಡಿಕೊಂಡಿದ್ದೆವು, ನನ್ನದನ್ನು ಸಮೂ ಹಾಕಿಕೊಂಡಿದ್ದಳು ಅಮ್ಮೀ. ಅವಳು ಕಣ್ಣು ತೆರೆಯಲಿಲ್ಲ. ನನಗೆ ಹೆದರಿಕೆಯಾಯಿತು, ನಾನು ಬಂದುಬಿಟ್ಟೆ—

ಗಾಡಿ ಘಟ್ಟದ ಕಾಡು ಹೊಕ್ಕಿತೇನೋ, ಮಾತು ಅಲ್ಲಿಗೇ ತುಂಡಾಯಿತು. ತಿರುಗಿ ಮಾಡಿದರೆ ಹತ್ತಲಿಲ್ಲ.

ನನ್ನ ಮಗಳು ಬದುಕಿದ್ದಾಳೆ. ಆ ಸಂತೋಷ ಎಷ್ಟು ಜೋರಾಗಿ ನುಗ್ಗಿತೆಂದರೆ ನಜ್ಮುನ್ನಿಸಾ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಆಮೇಲೆ ಕಣ್ಣು ಮೇಲೆತ್ತಿದರೆ ಎದುರಿಗೆ ಬಸವಣ್ಣೆವ್ವ ನಿಂತಿದ್ದಳು. ಹಣೆಯ ವಿಭೂತಿ ಬೆವರಿಗೆ ಅಳಿಸಿಹೋಗಿತ್ತು. ಮುಖ ಮಾತ್ರ ಅರಳಿತ್ತು.

“ನಿಮ್ಮ ಮಗಳ ದನಿ ಹೌದಲ್ರಿ? ನಾ ಹೇಳ್ಲಿಲ್ಲೇನು, ಏನೂ ಆಗಂಗಿಲ್ಲ ಅಂತ! ಏನಂದ್ಳು? ಇಬ್ರೂ ಕೂಡೇ ಬರಾಕತ್ತಾರೇನು?”

“ಲೋಂಡಾಕ್ಕ ಬರ್ತೀನಿ ಅಂದ್ಳರಿ. ಲೈನ್ ಕಟ್ ಆತು” ಎಂದಳು ನಜ್ಮುನ್ನಿಸಾ. ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೂ ನಾಲಿಗೆ ಸುಟ್ಟಂತಾಯಿತು.

ಕಾರು ಹೊರಟಿತು. ಬಸವಣ್ಣೆವ್ವಳ ಮಾತು ನಿಲ್ಲಲಿಲ್ಲ. ಹೆದರಿಕೆ ಇಳಿದವರು ಹಾಗೆ ಮಾತಾಡುತ್ತಾರೆ. ಇಬ್ಬರನ್ನೂ ಸಾಲಾಗಿ ನಿಲ್ಲಿಸಿ ಕೆನ್ನೆಗೆ ಕೊಡುತ್ತೇನೆ ಎಂದಳು. ಸಮುದ್ರ ನೋಡಬೇಕೆಂದು ಸಮೂ ಸಣ್ಣವಳಿದ್ದಾಗಿನಿಂದ ಗಂಟುಬಿದ್ದಿದ್ದಳು, ಗಿರಣಿ ಬಿಟ್ಟು ಹೋಗುವುದು ತನಗೇ ಆಗಲಿಲ್ಲ ಎಂದಳು. ಸಣ್ಣ ಟೂರಿಗೂ ಸುಳ್ಳು ಹೇಳುವಂತೆ ಮಾಡಿದವರು ನಾವೇ ಏನೋ ಎಂದೂ ಅಂದಳು.

“ಹಂಗಾರ ವಿಡಿಯೊದಾಗಿನ ಹುಡುಗಿ ಯಾರೋ ಬ್ಯಾರೇನ ಇರಬೇಕು” ಎಂದು ನಜ್ಮುನ್ನಿಸಾಳ ತೊಡೆ ತಟ್ಟಿದಳು. “ಹಳದಿ ತೋಳು ಮಂದಿಗೆ ಇರಂಗಿಲ್ಲೇನು? ಪಾಪ, ಅದರ ತಾಯಿ ಎಲ್ಲಿ ಅದಾಳೋ.”

ಗುಂಜಿ ದಾಟಿ ಕಾಡು ಎರಡೂ ಕಡೆಯಿಂದ ರಸ್ತೆಗೆ ಒತ್ತಿಕೊಂಡಿತ್ತು. ನಜ್ಮುನ್ನಿಸಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಲೋಂಡಾದಲ್ಲಿ ಗಾಡಿ ನಿಲ್ಲುತ್ತದೆ. ಮಹೇಕ ಒಬ್ಬಳೇ ಇಳಿಯುತ್ತಾಳೆ. ಈ ಹೆಂಗಸು ಅವಳ ಹಿಂದಿನ ಬಾಗಿಲಲ್ಲಿ ಇನ್ನೊಬ್ಬಳನ್ನು ಹುಡುಕುತ್ತ ನಿಲ್ಲುತ್ತಾಳೆ. ಅಲ್ಲಿಯವರೆಗೆ ಸುಮ್ಮನಿದ್ದರೆ ನಡೆಯುತ್ತದೆ, ಮಗಳೇ ಹೇಳಲಿ ಎಂದು ಮನಸ್ಸಿನ ಒಂದು ಮೂಲೆ ಹೇಳುತ್ತಿತ್ತು. ಆದರೆ ತೊಡೆಯ ಮೇಲಿದ್ದ ಆ ಕೈ ಇನ್ನೂ ತನ್ನನ್ನೇ ಸಮಾಧಾನ ಮಾಡುತ್ತಿತ್ತು.

“ಅಕ್ಕಾರ” ಎಂದಳು. ಆ ಕೈಯ ಮೇಲೆ ತನ್ನ ಕೈ ಇಟ್ಟಳು. ಮತ್ತೆ ಅಂದಳು, “ಅಕ್ಕಾರ, ನಾ ನಿಮಗ ಪೂರಾ ಹೇಳ್ಲಿಲ್ಲ. ಅಕಿ ಒಬ್ಬಾಕಿನ ಬರಾಕತ್ಯಾಳ. ಆ ಕುರ್ತಾ ಸಮೂ ಹಾಕ್ಕೊಂಡಿದ್ಳಂತ.”

ಬಸವಣ್ಣೆವ್ವಳ ಕೈ ತೊಡೆಯ ಮೇಲೆ ಹಾಗೇ ಉಳಿಯಿತು. ಸ್ವಲ್ಪ ದೂರ ಹೋದ ಮೇಲೆ “ಭರಮಣ್ಣ, ಗಾಡಿ ನಿಲ್ಲಸು” ಎಂದಳು. ಇಳಿದು ರಸ್ತೆಯಂಚಿಗೆ ಹೋಗಿ ಬೆನ್ನು ತೋರಿಸಿ ನಿಂತಳು. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದಿದ್ದಳು. ಭರಮಣ್ಣ ಇಂಜಿನ್ನು ಆರಿಸಿದ. ಕಾಡಿನಲ್ಲಿ ಒಂದು ಹಕ್ಕಿ ಕೂಗಿ ಕೂಗಿ ಸುಮ್ಮನಾಯಿತು. ನಜ್ಮುನ್ನಿಸಾಳಿಗೆ ಇಳಿದು ಹೋಗುವ ಧೈರ್ಯವೂ ಇಲ್ಲ, ಕೂತಿರುವ ಧೈರ್ಯವೂ ಇಲ್ಲ.

ಬಸವಣ್ಣೆವ್ವ ತಿರುಗಿ ಬಂದು ಕೂತಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. “ನಿಮ್ಮ ಹುಡುಗಿ ಏನಂದ್ಳು, ಒಂದೂ ಬಿಡದಂಗ ಹೇಳ್ರಿ.”

“ಸಮೂ ಕಣ್ಣ ತೆರೀಲಿಲ್ಲ ಅಂದ್ಳರಿ. ಅಷ್ಟರಾಗ ಕಟ್ ಆತು.”

“ಖಾನಾಪುರದಾಗ ಯಾಕ ಹೇಳ್ಲಿಲ್ಲ?”

“ನನ್ನ ಮಗಳು ಬದುಕ್ಯಾಳ ಅಂತ ಸಂತೋಷ ಆಗಿತ್ರಿ ನನಗ. ನಿಮ್ಮ ಮಾರಿ ನೋಡಿ ಹೇಳಾಕ ಬಾಯಿ ಬರ್ಲಿಲ್ಲ.”

ಬಸವಣ್ಣೆವ್ವ ಹೊರಡು ಎಂದು ಭರಮಣ್ಣನಿಗೆ ಕೈಸನ್ನೆ ಮಾಡಿದಳು.

ಲೋಂಡಾ ಮುಟ್ಟಿದಾಗ ರೈಲು ಇನ್ನೂ ಬಂದಿರಲಿಲ್ಲ. ಕಾಡಿನ ನಡುವಿನ ಆ ದೊಡ್ಡ ಸ್ಟೇಷನ್ನಿನಲ್ಲಿ ಗೋವಾಕ್ಕೆ ಹೊರಟ ಒಂದು ಗುಂಪು ಬಣ್ಣದ ಟೋಪಿ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿತ್ತು. ಯಾವ ಬೀಚಿನಲ್ಲಿ ಬನಾನಾ ಬೋಟು, ಯಾವುದರಲ್ಲಿ ಡಾಲ್ಫಿನ್ನು ಎಂದು ಗದ್ದಲ ಮಾಡುತ್ತಿತ್ತು. ಅವರ ನಗು ಕೇಳಲಾರದೆ ಇಬ್ಬರೂ ಪ್ಲಾಟ್‌ಫಾರ್ಮಿನ ತುದಿಗೆ ನಡೆದರು. ಅಕ್ಕಪಕ್ಕ ನಿಂತರೂ ನಡುವೆ ಒಬ್ಬರು ಹಾಯುವಷ್ಟು ಜಾಗ ಬಿಟ್ಟಿದ್ದರು.

ಕೊನೆಗೆ ಗಾಡಿ ಬಂತು. ಜನರಲ್ ಡಬ್ಬಿಯಿಂದ ಮಹೇಕ ಇಳಿದಳು. ಸಮೃದ್ಧಿಯ ಅಂಗಿ ತೊಟ್ಟಿದ್ದಳು, ಕೂದಲಲ್ಲಿ ಮರಳಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ತಾಯಿಯನ್ನು ಕಂಡು ಓಡಿಬಂದವಳು ಪಕ್ಕದಲ್ಲಿದ್ದ ಬಸವಣ್ಣೆವ್ವಳನ್ನು ನೋಡಿ ನಟ್ಟ ನಡುವೆ ನಿಂತುಬಿಟ್ಟಳು. ತಾಯಿಯ ಕಡೆ ತಿರುಗಿ ಮನೆಮಾತಿನಲ್ಲಿ ಏನೋ ಹೇಳತೊಡಗಿದಳು. ನಜ್ಮುನ್ನಿಸಾ ಅವಳ ರೆಟ್ಟೆ ಹಿಡಿದು ಬಸವಣ್ಣೆವ್ವಳ ಎದುರಿಗೆ ನಿಲ್ಲಿಸಿದಳು.

“ಕನ್ನಡದಾಗ ಹೇಳು. ನನಗಲ್ಲ, ಈ ತಾಯಿಗೆ ಹೇಳು.”

“ಸಮೂ ಎಲ್ಲಿ?” ಎಂದಳು ಬಸವಣ್ಣೆವ್ವ.

“ಮಡಗಾಂವದಾಗ ದವಾಖಾನಿಗೆ ಒಯ್ದಾರ ಕಾಕೂ. ಉಸುರ ಆಡ್ತಿತ್ತು. ತೊಡಿ ಮುರದೈತಿ, ತಲಿಗೆ ಪೆಟ್ಟ ಬಿದ್ದೈತಿ. ಆಪರೇಶನ್ ಮಾಡಬೇಕು, ಮನಿಯವ್ರನ್ನ ಕರೀರಿ ಅಂದ್ರು. ಪೊಲೀಸ್ರು ಬಂದ್ರು. ನನ್ನ ಫೋನ್ ನೀರಾಗ ಬಿದ್ದಿತ್ತು. ಸಮೂನ ಬ್ಯಾಗ, ಫೋನ್ ಅಲ್ಲೇ ಒಳಗ ಇಟ್ಕೊಂಡ್ರು. ನಾ… ನಾ ಹೊರಗ ಬಂದೆ. ಸ್ಟೇಷನ್ನಿಗೆ ಓಡಿ ಬಂದೆ. ಮೊದ್ಲ ಹಾರಾಕ ನನ್ನ ಪಾಳಿ ಇತ್ತು ಕಾಕೂ. ನನಗ ಅಂಜಿಕಿ ಆತು. ನೀ ಹೋಗು ಅಂದೆ.”

“ಒಬ್ಬಾಕಿನ್ನ ಬಿಟ್ಟು ಬಂದಿ” ಎಂದಳು ಬಸವಣ್ಣೆವ್ವ.

ಮಹೇಕ ತಲೆ ತಗ್ಗಿಸಿದಳು. ನಜ್ಮುನ್ನಿಸಾಳ ಕೈ ತಾನಾಗಿಯೇ ಮೇಲೆದ್ದಿತು. ಬಸವಣ್ಣೆವ್ವ ಅದನ್ನು ಹಿಡಿದಳು. “ಹೊಡಿಯಾಕ ಹೊತ್ತಿಲ್ಲ. ನನಗ ಅಲ್ಲಿ ಮಾತು ಬರಂಗಿಲ್ಲ, ದವಾಖಾನಿ ಗೊತ್ತಿಲ್ಲ. ನೀವು ಮನಿಗಿ ಹೋಗೂದಾದ್ರ ಹೋಗ್ರಿ. ಈ ಹುಡುಗಿನ್ನ ಮಾತ್ರ ನಾ ಬಿಡಂಗಿಲ್ಲ. ಇಕಿ ನನ್ನ ಕೂಡ ಬರಬೇಕು.”

“ನಾನೂ ಬರ್ತೀನ್ರಿ” ಎಂದಳು ನಜ್ಮುನ್ನಿಸಾ.

ಭರಮಣ್ಣ ಎರಡನೇ ಮಾತಾಡದೆ ಕಾರನ್ನು ಗೋವಾಕ್ಕೆ ಇಳಿಯುವ ಅನಮೋಡ ಘಟ್ಟದ ಕಡೆ ತಿರುಗಿಸಿದ. ಮಹೇಕ ಇಬ್ಬರು ತಾಯಂದಿರ ನಡುವೆ ಕೂತಿದ್ದಳು. ಘಟ್ಟ ಹೊಗುವ ಮುಂಚೆ, ಸಿಗ್ನಲ್ ಇರುವಾಗಲೇ, ನಜ್ಮುನ್ನಿಸಾ ಸಮೃದ್ಧಿಯ ನಂಬರಿಗೆ ಬಿಡದೆ ಫೋನು ಮಾಡಿದಳು. ಎಷ್ಟೋ ಸಲದ ಮೇಲೆ ಒಬ್ಬ ನರ್ಸು ಎತ್ತಿದಳು. ಹುಡುಗಿಯನ್ನು ಆಪರೇಶನ್ನಿಗೆ ಒಳಗೆ ಒಯ್ದಿದ್ದಾರೆ, ಮನೆಯವರಿಗಾಗಿ ಕಾಯಲು ಆಗುತ್ತಿರಲಿಲ್ಲ, ನೀವು ಬೇಗ ಬನ್ನಿ ಎಂದು ಹಿಂದಿಯಲ್ಲಿ ಹೇಳಿದಳು. ನಜ್ಮುನ್ನಿಸಾ ಪ್ರತಿ ಮಾತನ್ನೂ ಆಗಿಂದಾಗ ಕನ್ನಡ ಮಾಡಿ ಬಸವಣ್ಣೆವ್ವಳಿಗೆ ಹೇಳಿದಳು, ಒಂದನ್ನೂ ಮೆತ್ತಗೆ ಮಾಡಲಿಲ್ಲ. ಆಮೇಲೆ ಯೂಸುಫನಿಗೆ ಫೋನು ಮಾಡಿದಳು. ಅವನು ಮೊದಲು ಕೂಗಾಡಿದ, ಆಮೇಲೆ “ಆ ಹುಡುಗಿ ಕಣ್ಣ ತೆರೆಯೂ ಮಟ ನೀ ಅಲ್ಲಿಂದ ಏಳಬ್ಯಾಡ” ಎಂದ.

ದವಾಖಾನೆ ಮುಟ್ಟಿದಾಗ ದೀಪ ಹಚ್ಚಿದ್ದರು. ತೊಡೆಗೆ ರಾಡು ಹಾಕಿದ್ದಾರೆ, ತಲೆಯೊಳಗೆ ರಕ್ತ ಇಳಿದಿಲ್ಲ, ನಡೆದಾಡಲು ಬೇಸಿಗೆ ಕಳೆಯಬೇಕು ಎಂದು ಡಾಕ್ಟರು ಹೇಳಿದರು. ಬಸವಣ್ಣೆವ್ವ ಅದನ್ನು ಕೇಳಿ ಗೋಡೆಗೆ ಒರಗಿದಳು. ಗುಂಜಿಯಿಂದ ಹಿಡಿದಿದ್ದ ಕಣ್ಣೀರು ಆಗ ಬಂತು. ನಜ್ಮುನ್ನಿಸಾ ಮುಟ್ಟಲೋ ಬೇಡವೋ ಎಂದು ನಿಂತಿದ್ದಳು. ಬಸವಣ್ಣೆವ್ವಳೇ ಅವಳ ಹೆಗಲಿಗೆ ಹಣೆ ಇಟ್ಟಳು.

“ಗುಂಜಿ ದಾಟಿ ಹೇಳಿದ್ರಲ್ಲ, ಚಲೋ ಆತು” ಎಂದಳು ಅಳುತ್ತಲೇ. “ಸ್ಟೇಷನ್ನಿನ್ಯಾಗ ತಿಳಿದಿದ್ರ ನಾ ನಿಂತಲ್ಲೇ ಬೀಳ್ತಿದ್ದೆ.”

ಸಮೃದ್ಧಿಗೆ ಎಚ್ಚರವಾದಾಗ ತಾಯಿಯನ್ನು ನೋಡಿದಳು. ಆಮೇಲೆ ಹಾಸಿಗೆಯ ಕಾಲ ಬಳಿ ನಿಂತಿದ್ದ ಮಹೇಕಳನ್ನು ನೋಡಿದಳು. “ನಿನ್ನ ಕರದೆ” ಎಂದಳು. ದನಿ ಒಣಗಿಹೋಗಿತ್ತು. “ನೀ ಇರಲಿಲ್ಲ.”

ಮಹೇಕ ಯಾವ ಸಬೂಬನ್ನೂ ಹೇಳಲಿಲ್ಲ. ಸಮೃದ್ಧಿ ಮುಖ ತಿರುವಿಕೊಂಡಳು. ನೀರು ಕುಡಿಸಬಾರದು, ಬೇಕಾದರೆ ಒದ್ದೆ ಹತ್ತಿಯಿಂದ ತುಟಿ ಒರೆಸಬಹುದು ಎಂದು ನರ್ಸು ಬಟ್ಟಲು ಇಟ್ಟು ಹೋದಳು. ಬಸವಣ್ಣೆವ್ವ ಬಟ್ಟಲನ್ನು ಎತ್ತಿ ಮಹೇಕಳ ಕೈಗೆ ಕೊಟ್ಟಳು.

“ಕುಂದರು” ಎಂದಳು. “ಹೊರಗ ಹೋಗಬ್ಯಾಡ.”

ಮಹೇಕ ಸ್ಟೂಲಿನ ಮೇಲೆ ಕೂತು ಹತ್ತಿ ಅದ್ದಿದಳು. ಮೊದಲ ಸಲ ಸಮೃದ್ಧಿ ತುಟಿ ಬಿಗಿದುಕೊಂಡಳು. ಎರಡನೆಯ ಸಲವೂ ಬಿಗಿದುಕೊಂಡಳು. ಮಹೇಕ ಹತ್ತಿ ಹಿಡಿದುಕೊಂಡೇ ಕೂತಿದ್ದಳು. ಬಾಗಿಲ ಬಳಿ ಇಬ್ಬರು ತಾಯಂದಿರೂ ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ ಸಮೃದ್ಧಿ, ಮುಖ ತಿರುಗಿಸದೆಯೇ, ತುಟಿಯನ್ನು ಸ್ವಲ್ಪ ತೆರೆದಳು.