ಮರಿದೋಣಿಯೊಳಗಿನ ನೀರು

ಮರಿದೋಣಿಯಲ್ಲಿ ನೀರಿರಲಿಲ್ಲ. ಅವಳು ಬಗ್ಗಿ ಇನ್ನೊಮ್ಮೆ ನೋಡಿದಳು. ನಿನ್ನೆ ಸಂಜೆ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ. ದಡದಾಚೆ ಲಂಗರು ಹಾಕಿದ ಹಾಯಿದೋಣಿಯ ಹಿಂದೆ ಕಟ್ಟಿದ ಈ ಮರಿ ಇಷ್ಟು ಹೊತ್ತಿಗೆ ಬಾನಿಯಂತೆ ತುಂಬಿರಬೇಕಿತ್ತು. ನೋಡಿದರೆ ಬೆರಳು ತೋಯುವಷ್ಟಿದೆ, ಅಷ್ಟೆ. ಅಂದರೆ ರಾತ್ರಿ ಯಾರೋ ನೀರು ತೋಡಿ ಚೆಲ್ಲಿ, ಇದರಲ್ಲಿ ದಡಕ್ಕೆ ಹೋಗಿ ಬಂದಿದ್ದಾರೆ.

ಯಾರೋ ಅನ್ನುವುದಕ್ಕೆ ಇದ್ದವರೇ ಮೂವರು: ಅವಳು, ಅವಳ ಗಂಡ, ಅವಳ ತಮ್ಮ. ಅನುಮಾನ ಸೀದಾ ಹೋಗಿ ತಮ್ಮನ ಮೇಲೆ ಕೂತಿತು. ಇಲ್ಲಿಂದ ಮುಂದೆ ತಿಂಗಳುಗಟ್ಟಲೆ ನೆಲ ಕಾಣುವಂತಿಲ್ಲ. ಹಗಲೂ ರಾತ್ರಿ ಸರದಿಯಲ್ಲಿ ಚುಕ್ಕಾಣಿ ಹಿಡಿಯಲು ಮೂರು ಜನ ಬೇಕೇ ಬೇಕು. ಒಬ್ಬ ಕೈಕೊಟ್ಟರೂ ಮನೆ ಮಾರಿ ಕೊಂಡ ದೋಣಿ ಇದೇ ದಡದಲ್ಲಿ ಕೊಳೆಯಬೇಕು. ಹೋದ ಸಲದ ಬಿರುಗಾಳಿಯಲ್ಲಿ ತಮ್ಮ ಬಾಯಿಬಿಟ್ಟು ಅತ್ತಿದ್ದ. ಆಮೇಲೆ ಊಟಕ್ಕೆ ಕೂತಾಗಲೆಲ್ಲ ಗಂಡ ಅವನ ಕಾಲೆಳೆದದ್ದೇ ಎಳೆದದ್ದು. "ಏನಪ್ಪ ಭಾವಮೈದ, ಸಮುದ್ರಕ್ಕೆ ಉಪ್ಪು ಸಾಕಾ, ಇನ್ನೊಂಚೂರು ಅಳ್ತೀಯಾ?"

ಮೂವರೂ ದಡಕ್ಕೆ ಬಂದರು. ಎಷ್ಟೋ ದಿನಗಳ ಮೇಲೆ ನೆಲ ಮೆಟ್ಟಿದ್ದಕ್ಕೆ ಅವಳಿಗೆ ಕಲ್ಲಿನ ಮೆಟ್ಟಿಲುಗಳೇ ತೂಗಾಡಿದಂತಾಯಿತು. ತಮ್ಮ ಅಕ್ಕಿ ತರುತ್ತೇನೆಂದು ಹೊರಟ. ಅವಳು ಅವನ ಚೀಲ ಇಸಿದುಕೊಂಡು, ಹರಿದಿದೆಯೇನೋ ನೋಡುವವಳ ಹಾಗೆ ಒಳಗೆಲ್ಲ ಕೈಯಾಡಿಸಿದಳು. ಬಟ್ಟೆಬರೆ ಏನೂ ಇರಲಿಲ್ಲ. ಬೇಗ ಬಾ ಎಂದು ಎರಡೆರಡು ಸಲ ಹೇಳಿದಳು. ಅವನೇನು ಮಗುವೇ ಎಂದು ಗಂಡ ಗೊಣಗಿದ. ಭಾವಮೈದನಿಗೆ ಚುಚ್ಚಲು ಅಂಥ ಅವಕಾಶ ಸಿಕ್ಕಿದ್ದರೂ ಇವತ್ತು ಯಾಕೋ ಬಿಟ್ಟುಬಿಟ್ಟ.

ಗಂಡಹೆಂಡತಿ ಎದುರಿಗೆ ತೆರೆದಿದ್ದ ಒಂದೇ ಚಹಾದಂಗಡಿಗೆ ನುಗ್ಗಿದರು. ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ಕೂತು ತಲೆ ಒರೆಸಿಕೊಳ್ಳುವಷ್ಟರಲ್ಲಿ, ಏನು ಬೇಕೆಂದೂ ಕೇಳದೆ, ಅಂಗಡಿಯವಳು ಎರಡು ಲೋಟ ತಂದಿಟ್ಟಳು. ಒಂದನ್ನು ಗಂಡನ ಕಡೆ ಸರಿಸಿ, ಇದಕ್ಕೆ ಸಕ್ಕರೆ ಹಾಕಿಲ್ಲ ಎಂದಳು.

ಲೋಟಕ್ಕೆ ಚಾಚಿದ ಅವಳ ಕೈ ಅಲ್ಲೇ ನಿಂತಿತು. "ಇವರಿಗೆ ಸಕ್ಕರೆ ಆಗಲ್ಲ ಅಂತ ನಿಮಗೆ ಯಾರು ಹೇಳಿದ್ರು?"

"ರಾತ್ರಿ ಅವರೇ ಹೇಳಿದ್ರಲ್ಲಮ್ಮ, ನಮ್ಮಲ್ಲಿ ರೂಮು ಕೇಳೋಕೆ ಬಂದಾಗ." ಅಂಗಡಿಯವಳಿಗೆ ಮಾತಿಗೆ ಜನ ಸಿಕ್ಕಿದ್ದೇ ಖುಷಿ. "ನಾಳೆಯಿಂದ ಒಬ್ಬನೇ ಇರ್ತೀನಿ ಅಂದ್ರು. ಎಲ್ಲರೂ ಕಡಲು ಕಾಣೋ ರೂಮಿಗೆ ಜಗಳ ಆಡಿದ್ರೆ, ಇವರು ಕಾಣದೇ ಇರೋದೇ ಕೊಡಿ ಅಂತಾರೆ. ಅಲೆ ಸದ್ದೂ ಕೇಳಬಾರದಂತೆ. ಹಿಂದಿನ ಗೋಡೆ ಕಡೆಗಿರೋದು ಕೊಟ್ಟಿದ್ದೀನಿ."

ಒಳಗೆ ಹಾಲು ಉಕ್ಕಿತೆಂದು ಅಂಗಡಿಯವಳು ಓಡಿದಳು. ಗಂಡ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದ. ಅವಳ ಕಣ್ಣು ಅವನ ಬೆರಳುಗಳ ಮೇಲೆ ಬಿತ್ತು. ಬಿರುಗಾಳಿ ನಿಂತು ಎಷ್ಟೋ ಹೊತ್ತಾದ ಮೇಲೂ ಆ ಬೆರಳುಗಳನ್ನು ಚುಕ್ಕಾಣಿಯಿಂದ ಅವಳೇ ಒಂದೊಂದಾಗಿ ಬಿಡಿಸಿದ್ದಳು. ಚಳಿಗೆ ಮರಗಟ್ಟಿವೆ ಎಂದಿದ್ದ. ನಂಬಿದ್ದಳು.

"ಹೇಳಬಹುದಿತ್ತು," ಅಂದಳು.

"ನಿನ್ನ ತಮ್ಮನಿಗೆ ಅಷ್ಟೆಲ್ಲ ಅಂದಮೇಲೆ, ಯಾವ ಬಾಯಲ್ಲಿ ಹೇಳ್ಲಿ?"

ಚಹಾ ಆರಿಹೋಯಿತು. ತಮ್ಮ ಅಕ್ಕಿ ಮೂಟೆಗೆ ತನ್ನ ಮಳೆಯಂಗಿ ಹೊದಿಸಿ, ತಾನು ತೊಪ್ಪೆಯಾಗಿ ಬಂದ. ಅವನ ಮುಖ ನೋಡಲು ಅವಳಿಗೆ ನಾಚಿಕೆಯಾಯಿತು.

ಅಷ್ಟರೊಳಗೆ ಮರಿದೋಣಿಯಲ್ಲಿ ಪಾದ ತೋಯುವಷ್ಟು ನೀರು ನಿಂತಿತ್ತು. ತಮ್ಮ ಮೂಟೆಯನ್ನು ಮುಂದಿನ ಹಲಗೆಗೇರಿಸಿ, ಡಬ್ಬ ಹಿಡಿದು ನೀರು ತೋಡತೊಡಗಿದ. ಅವಳೂ ಇಳಿದು ಕೂತಳು. ಗಂಡ ಕೊನೆಯ ಮೆಟ್ಟಿಲ ಮೇಲೆ ಹಗ್ಗ ಹಿಡಿದು ನಿಂತೇ ಇದ್ದ.

"ಬನ್ನಿ ಭಾವ, ಅಕ್ಕಿ ನೆನೆಯುತ್ತೆ," ಅಂದ ತಮ್ಮ, ತಲೆಯೆತ್ತದೆ.

ಅವಳು ಸ್ವಲ್ಪ ಪಕ್ಕಕ್ಕೆ ಸರಿದು, ಖಾಲಿಯಾದ ಅರ್ಧ ಹಲಗೆಯನ್ನು ತನ್ನ ಬಟ್ಟೆಯ ಅಂಚಿನಿಂದ ಒರೆಸಿದಳು. ಮಳೆಗೆ ಅದು ಮತ್ತೆ ಒದ್ದೆಯಾಯಿತು. ಮತ್ತೆ ಒರೆಸಿದಳು.