ಕಿತ್ತಳೆ ಕೇಬಲ್ಲೂ ದ್ಯಾಮವ್ವನ ಭಂಡಾರವೂ

ನಾನು ಒಂದು ಫೈಬರ್ ಕೇಬಲ್. ಹೆಸರು ಕೇಳಿ ಹಿಂದೆ ಸರಿಯಬೇಡಿ. ಕೂದಲಿನಷ್ಟು ತೆಳುವಾದ ಎರಡು ಗಾಜಿನ ಎಳೆ, ಮೇಲೆ ಕಿತ್ತಳೆ ಬಣ್ಣದ ಅಂಗಿ, ತುದಿಗಳಿಗೆ ದುಂಡನೆಯ ಮೂತಿ, ಇಷ್ಟೇ ನಾನು. ಕಾರ್ಖಾನೆಯಲ್ಲಿ ಗಾಜು ಕಾಯಿಸಿ, ಶಾವಿಗೆಯಂತೆ ಎಳೆದು ನನ್ನನ್ನು ಮಾಡಿದರು. ಮೊದಲ ಸಲ ಒಳಗೆ ಬೆಳಕು ಬಿಟ್ಟಾಗ ಹುಟ್ಟಿದ ಚಡಪಡಿಕೆ ಇವತ್ತಿಗೂ ಇಳಿದಿಲ್ಲ. ಸುಮ್ಮನೆ ಬಿದ್ದಿರುವುದು ನನ್ನ ಜಾಯಮಾನವಲ್ಲ.

ಹುಬ್ಬಳ್ಳಿಯ ಒಂದು ಪತ್ರಿಕಾ ಕಚೇರಿಯಲ್ಲಿ ಹನ್ನೊಂದು ವರ್ಷ ದುಡಿದೆ. ಕಂಪ್ಯೂಟರಿಗೂ ಚಿತ್ರ ಕೂಡಿಡುವ ಪೆಟ್ಟಿಗೆಗೂ ನಡುವೆ ಓಡಾಟ ನನ್ನದು. ಆಮೇಲೆ ಹೊಸ ಯಂತ್ರ ಬಂತು, ಅದರ ಜೊತೆ ಹಳದಿ ಅಂಗಿಯ ಕೇಬಲ್ಲುಗಳೂ ಬಂದವು. ಹೊಸ ನೀರು ಬಂದು ಹಳೆ ನೀರನ್ನು ಕೊಚ್ಚಿಕೊಂಡು ಹೋಯಿತು. ನಾನು ಮಕ್ತುಮಸಾಬನ ಗುಜರಿ ಅಂಗಡಿಯ ಮೊಳೆಗೆ ನೇತುಬಿದ್ದೆ. ಆರು ವರ್ಷ! ತಾಮ್ರದ ತಂತಿಗಾದರೂ ಗಿರಾಕಿಗಳಿದ್ದರು. ನನ್ನನ್ನು ಒಬ್ಬಾಕೆ ಬಟ್ಟೆ ಒಣಹಾಕಲು ಕೇಳಿದ್ದಳು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಒಂದು ಶನಿವಾರ ಬೆಳಿಗ್ಗೆ ವಿರೂಪಾಕ್ಷಪ್ಪ ಬಂದ. ಗದಗಿನ ಆಸ್ಪತ್ರೆಯೊಂದರ ಸ್ಕ್ಯಾನಿಂಗ್ ಕೋಣೆಯವನು. ಬೆವರಿ ತೊಯ್ದಿದ್ದ.

“ಸಾಬ್ರ, ಹಳೇ ಫೈಬರ್ ಕೇಬಲ್ ಅದಾವೇನ್ರಿ? ದುಂಡ ಮೂತೀದು. ಊರೆಲ್ಲಾ ತಿರಗೇನಿ, ಎಲ್ಲಾರೂ ಹಳದೀದ ಕೊಡ್ತಾರ. ಅದು ನಮ್ಮ ಚಿತ್ರ ಕೂಡಿಡೂ ಹಳೇ ಪೆಟಗಿಗೆ ಕೂಡೂದಿಲ್ರಿ.”

ಕೂಡುವುದಾದರೂ ಹೇಗೆ? ಹಳದಿಯವರ ಮೂತಿ ಚೌಕ, ಒಳದಾರಿ ತೀರಾ ಕಿರಿದು. ಹಳೆಯ ಯಂತ್ರದ ಬೆಳಕು ಅದರಲ್ಲಿ ಹಿಡಿಸದು.

“ಏನ ಅಷ್ಟ ಅವಸರ?” ಎಂದ ಮಕ್ತುಮಸಾಬ.

“ನಾ ದಿನಾ ಉಣ್ಣೂ ಖಾನಾವಳಿ ದ್ಯಾಮಕ್ಕನ ಎದಿಯೊಳಗ ಸಣ್ಣ ಗಂಟ ಕಂಡೈತ್ರಿ. ಸೋಮವಾರ ಕೊಯ್ತಾರ. ಹದಿನೆಂಟ ವರ್ಷದ ಹಿಂದ ಆಕಿ ಬಿದ್ದಾಗ ನಮ್ಮಲ್ಲೇ ಸ್ಕ್ಯಾನ್ ಆಗಿತ್ತು. ಆವಾಗೂ ಇದ ಗಂಟ ಇಷ್ಟ ಇತ್ತಂದ್ರ, ಬೆಳದಿಲ್ಲಂತ ಕೊಯ್ಯೂದು ಬ್ಯಾಡ ಅಂತಾರ ಡಾಕ್ಟ್ರು. ಚಿತ್ರ ಪೆಟಗಿಯೊಳಗ ಐತಿ, ಕೇಬಲ್ಲ ಹೆಗ್ಗಣ ಕಡದೈತಿ.”

“ಫಿಲಂ ಕೊಟ್ಟಿರ್ತಾರಲ್ಲ?”

“ಗ್ರಹಣ ನೋಡಾಕ ಕತ್ತರಿಸಿ ಓಣಿ ಮಂದಿಗೆಲ್ಲಾ ಹಂಚ್ಯಾಳ್ರಿ!”

ಮಕ್ತುಮಸಾಬ ನಗು ತಡೆದುಕೊಂಡು ನನ್ನನ್ನು ಮೊಳೆಯಿಂದ ಇಳಿಸಿದ. ಬಸ್ಸು ಗದಗ ಮುಟ್ಟುವವರೆಗೂ ನನಗೆ ಒಂದೇ ದಿಗಿಲು, ಒಳಗೆಲ್ಲಾದರೂ ಸೀಳಿದ್ದರೆ?

ದ್ಯಾಮವ್ವ ಸ್ಕ್ಯಾನಿಂಗ್ ಕೋಣೆಯಲ್ಲೇ ಕಾದಿದ್ದಳು. ರೊಟ್ಟಿ ಬಡಿದು ಗಟ್ಟಿಯಾದ ಕೈ ಅವಳದು. ವಿರೂಪಾಕ್ಷಪ್ಪ ಪೆಟ್ಟಿಗೆಯ ಧೂಳು ಒರೆಸುವಷ್ಟರಲ್ಲಿ ಅವಳು ನನ್ನನ್ನು ಕಣ್ಣಿಗೊತ್ತಿಕೊಂಡಳು. “ಯಲ್ಲವ್ವಾ, ನೀನ ಕಾಯಬೇಕು” ಎನ್ನುತ್ತ ಸೊಂಟದ ಸಂಚಿಯಿಂದ ಭಂಡಾರ ತೆಗೆದು ನನ್ನ ಮೂತಿಗೇ ಹಚ್ಚಿಬಿಟ್ಟಳು. ಆ ಅರಿಸಿನದ ಪುಡಿ ಗಾಜಿನ ತುದಿಗೆ ಮೆತ್ತಿಕೊಂಡಿತು. ಕೂಗೋಣವೆಂದರೆ ನನಗೆ ಬಾಯಿಲ್ಲ.

ವಿರೂಪಾಕ್ಷಪ್ಪ ಜೋಡಿಸಿದ. ಪರದೆ ಖಾಲಿ. ಕಿತ್ತು ಮತ್ತೆ ಜೋಡಿಸಿದ. ಖಾಲಿ.

“ಸತ್ತೈತಿ ಇದು,” ಎಂದು ತಲೆಯ ಮೇಲೆ ಕೈ ಹೊತ್ತು ಕುಳಿತ. ದ್ಯಾಮವ್ವ ಗೋಡೆಗೆ ಒರಗಿದಳು. ಸತ್ತಿಲ್ಲವೋ ಮಾರಾಯ, ಮೂತಿ ನೋಡು ಮೂತಿ ಎಂದು ನಾನು ಒಳಗೊಳಗೇ ಒದ್ದಾಡಿದೆ. ಬೆವರು ಒರೆಸಿಕೊಳ್ಳಲು ಹೋದವನಿಗೆ ತನ್ನ ಬೆರಳ ತುದಿಯ ಹಳದಿ ಕಂಡಿತು.

“ಅಕ್ಕಾ, ಭಂಡಾರ ಹಚ್ಚೀಯೇನು?”

“ಹೂನಪಾ... ನಾನ ಕೆಡಿಸಿದ್ನೇನು?”

“ಕೇಬಲ್ಲಿನ ಮೈಗೆ ಹಚ್ಚಬೇಕಿತ್ತಕ್ಕಾ. ಇದರ ಕಣ್ಣಾಗ ಹಾಕಿದ್ರ ಯಲ್ಲವ್ವಗೂ ಕಾಣೂದಿಲ್ಲ.”

ಸ್ಪಿರಿಟ್ ಅದ್ದಿದ ಹತ್ತಿಯಿಂದ ತುದಿ ಒರೆಸಿ ಮತ್ತೆ ಜೋಡಿಸಿದ. ಈ ಸಲ ಬೆಳಕು ನನ್ನೊಳಗೆ ಹರಿದೇ ಹರಿಯಿತು. ಆ ಸುಖವನ್ನು ಹೇಗೆ ಹೇಳಲಿ! ಪರದೆಯ ಮೇಲೆ ಹದಿನೆಂಟು ವರ್ಷದ ಹಿಂದಿನ ಎದೆ ಮೂಡಿತು. ಡಾಕ್ಟರು ಬಂದು ಹೊಸ ಚಿತ್ರವನ್ನು ಅದರ ಪಕ್ಕದಲ್ಲಿಟ್ಟು ಅಳೆದರು, ಮತ್ತೊಮ್ಮೆ ಅಳೆದರು. ಅದೇ ಜಾಗ, ಅದೇ ಗಾತ್ರ.

“ಸೋಮವಾರ ಬರಬ್ಯಾಡ್ರಿ ಅಮ್ಮಾ. ಖಾನಾವಳಿ ತಗೀರಿ,” ಎಂದರು.

ದ್ಯಾಮವ್ವ ನೆಲಕ್ಕೆ ಕುಸಿದು ಗಳಗಳನೆ ಅತ್ತಳು.

ಈಗ ಪೆಟ್ಟಿಗೆಯೂ ಮುದಿ, ನಾನೂ ಮುದಿ. ಒಳಗಿನ ಚಿತ್ರಗಳನ್ನೆಲ್ಲ ಹೊಸ ಯಂತ್ರಕ್ಕೆ ಸಾಗಿಸಿ ಮುಗಿದ ಮೇಲೆ ನಮ್ಮಿಬ್ಬರನ್ನೂ ಗುಜರಿಗೆ ಹಾಕುತ್ತಾರಂತೆ. ಹಾಕಲಿ. ದಿನವಿಡೀ ಯಾರದೋ ಎದೆ, ಯಾರದೋ ತಲೆ, ಯಾರದೋ ಬೆನ್ನೆಲುಬು ನನ್ನೊಳಗೆ ಓಡುತ್ತವೆ. ಆ ಮನುಷ್ಯ ಇನ್ನೂ ಇದ್ದಾನೋ ಇಲ್ಲವೋ ಎಂದು ಪ್ರತಿಯೊಂದಕ್ಕೂ ಜೀವ ಚಡಪಡಿಸುತ್ತದೆ. ಕೇಳಿದರೆ ಹೇಳುವವರಿಲ್ಲ. ಒಬ್ಬಳದು ಮಾತ್ರ ಗೊತ್ತು. ಮಧ್ಯಾಹ್ನ ಒಂದು ಗಂಟೆಗೆ ವಿರೂಪಾಕ್ಷಪ್ಪ ನನ್ನ ಪಕ್ಕದಲ್ಲೇ ಖಾನಾವಳಿಯಿಂದ ತಂದ ಬುತ್ತಿ ಬಿಚ್ಚುತ್ತಾನೆ, ಅವಳು ಬಡಿದ ರೊಟ್ಟಿ ಇನ್ನೂ ಬಿಸಿಯಿರುತ್ತದೆ.