ಶಿಕ್ಷೆಯಾದ ಮೇಲೆ ಕೇಳಿದ ಪ್ರಶ್ನೆ

ನನ್ನ ತಮ್ಮ ಲೆಮ್ಯುಯೆಲ್ ಅಂಚೆ ಕಚೇರಿ ದೋಚಿದ್ದು ನಿಜ. ಗುಂಡಿಲ್ಲದ ಪಿಸ್ತೂಲು ತೋರಿಸಿ, ವೆಸ್ಟಾ ಎಂಬ ಗುಮಾಸ್ತೆಯ ಮುಂದಿದ್ದ ಹಣ ಬಾಚಿಕೊಂಡ. ಸಂಜೆಯೊಳಗೆ ಸಿಕ್ಕಿಬಿದ್ದ, ತಪ್ಪನ್ನೂ ಒಪ್ಪಿಕೊಂಡ. ಇಂಥ ಅಪರಾಧಕ್ಕೆ ಇಷ್ಟು ಶಿಕ್ಷೆ ಎನ್ನುವ ಮಾರ್ಗಸೂಚಿಯ ಪುಸ್ತಕವೊಂದಿದೆ. ಅದರ ಪ್ರಕಾರ ಅವನಿಗೆ ಏಳೆಂಟು ವರ್ಷ. ಆದರೆ ಅದು ಬರೀ ಸಲಹೆ, ನ್ಯಾಯಾಧೀಶರು ಮೀರಬಹುದು. ನ್ಯಾಯಾಧೀಶ ಟಾಲಿವರ್ ಮೀರಿದರು. ಹನ್ನೆರಡು ವರ್ಷ ಎಂದು ಘೋಷಿಸಿ, ಕನ್ನಡಕ ತೆಗೆದಿಟ್ಟು, ಆಮೇಲೆ ಕೇಳಿದರು: "ನೀವೇನಾದ್ರೂ ಹೇಳೋದಿದ್ಯಾ?"

ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ! ಲೆಮ್ ವಾರಗಟ್ಟಲೆ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತು ಒಳಗೇ ಉಳಿಯಿತು. "ಏನೂ ಇಲ್ಲ ಸರ್" ಎಂದ.

ವಕೀಲರಿಗೆ ಕೊಡಲು ಹಣವಿಲ್ಲದ ಅವನಿಗೆ ಸರ್ಕಾರವೇ ಕೊಟ್ಟಿದ್ದ ವಕೀಲೆ ಫೆಲ್ಡರ್ ಮೇಲ್ಮನವಿ ಹಾಕಿದಳು. "ಮೊದ್ಲು ಅವನ ಮಾತು, ಆಮೇಲೆ ಶಿಕ್ಷೆ. ಅದು ನಿಯಮ, ಒಡೆಸ್ಸಾ ಅವ್ರೇ," ಎಂದಳು ನನಗೆ.

"ಹೊಳೇಲಿ ಹುಣಸೆಹಣ್ಣು ಹಿಂಡ್ತೀರಿ, ಬಿಡಿ," ಎಂದೆ.

"ಹಿಂಡೋಕೇ ಅಲ್ವಾ ಸರ್ಕಾರ ನಂಗೆ ಸಂಬಳ ಕೊಡೋದು?" ಎಂದು ನಕ್ಕಳು.

ಮೇಲ್ಮನವಿಯ ವಿಚಾರಣೆಯ ದಿನ ನನ್ನ ಜಡೆ ಹೆಣೆಯುವ ಅಂಗಡಿ ಮುಚ್ಚಿ, ಮೇಲಿನ ನ್ಯಾಯಾಲಯವಿರುವ ರಿಚ್ಮಂಡ್‌ಗೆ ಹೋದೆ. ಲೆಮ್‌ನನ್ನು ಜೈಲಿನಿಂದ ಕರೆತರಲಿಲ್ಲ. ಅಲ್ಲಿ ಕೈದಿಯನ್ನು ಕರೆತರುವ ರೂಢಿಯಿಲ್ಲ. ಎತ್ತರದ ಪೀಠದಲ್ಲಿ ಮೂವರು ನ್ಯಾಯಾಧೀಶರು ಕೂತಿದ್ದರು.

"ಮಾರ್ಗಸೂಚಿ ಸಲಹೆ ಮಾತ್ರ. ಮೀರೋಕೆ ಟಾಲಿವರ್ ಅವ್ರಿಗೆ ಅಧಿಕಾರ ಇತ್ತು," ಎಂದ ಸರ್ಕಾರಿ ವಕೀಲ. "ಈತ ಏನು ಹೇಳಿದ್ರೂ ಅಷ್ಟೇ ಶಿಕ್ಷೆ ಆಗ್ತಿತ್ತು."

ನಡುವೆ ಕೂತಿದ್ದ ಬಿಳಿಗೂದಲಿನ ನ್ಯಾಯಾಧೀಶೆ ಮುಂದಕ್ಕೆ ಬಾಗಿದರು. "ಏನು ಹೇಳ್ತಿದ್ದ ಅಂತ ನಿಮಗೆ ಗೊತ್ತಾ?"

"ಇಲ್ಲ."

"ನಂಗೂ ಗೊತ್ತಿಲ್ಲ. ಟಾಲಿವರ್ ಅವ್ರಿಗೂ ಗೊತ್ತಿರ್ಲಿಲ್ಲ. ಪುಸ್ತಕದ ಸಲಹೆ ಮೀರ್ಬೇಕಾದ್ರೆ ಆ ಮನುಷ್ಯನಲ್ಲಿ ಏನೋ ಕಂಡಿರ್ಬೇಕು. ಮಾತೇ ಕೇಳದೆ ಏನ್ರೀ ಕಂಡ್ರು?"

ಪೀಟರ್ಸ್‌ಬರ್ಗ್‌ನ ನಮ್ಮ ಬೀದಿಯಲ್ಲೇ ಯಾರೂ ಕಿವಿಗೊಡದ ಹುಡುಗ ನನ್ನ ಲೆಮ್. ಅವನು ಆಡದೇ ಬಿಟ್ಟ ಮಾತಿಗಾಗಿ ಈ ದೊಡ್ಡವರು ಜಗಳವಾಡುತ್ತಿದ್ದರು. ವಾದ ಮುಗಿಯಿತು. ಮೂವರೂ ಎದ್ದು ಮೆಟ್ಟಿಲಿಳಿದು ಬಂದು, ಎರಡೂ ಕಡೆಯ ವಕೀಲರ ಕೈಕುಲುಕಿದರು. ಅಲ್ಲಿ ಅದು ಹಳೆಯ ಪದ್ಧತಿಯಂತೆ.

ಶಿಕ್ಷೆ ರದ್ದಾಯಿತು. ಹೊಸದಾಗಿ ಶಿಕ್ಷೆ ವಿಧಿಸಲು ಲೆಮ್‌ನನ್ನು ಮತ್ತೆ ಟಾಲಿವರ್ ಮುಂದೆಯೇ ನಿಲ್ಲಿಸಿದರು. ಸೇಡು ತೀರಿಸಿಕೊಳ್ಳುತ್ತಾರೇನೋ ಎಂದು ನನಗೆ ಭಯ. ಹನ್ನೆರಡು ವರ್ಷವನ್ನೇ ಮತ್ತೆ ಕೊಟ್ಟರೆ ತಡೆಯುವವರು ಯಾರು?

ಅವರು ಕನ್ನಡಕ ತೆಗೆಯಲಿಲ್ಲ. "ಹೋದ ಸಲ ನಿಮ್ಮ ಮಾತು ಕೇಳದೆ ಶಿಕ್ಷೆ ಹೇಳ್ದೆ. ತಪ್ಪು ನಂದು. ಈಗ ಹೇಳಿ, ಕೇಳ್ತೀನಿ."

"ಆಯಮ್ಮನ ಕಡೆ ತಿರುಗಿ ಹೇಳ್ಲಾ ಸರ್?" ಎಂದ ಲೆಮ್.

ಅಂಚೆ ಕಚೇರಿಯ ವೆಸ್ಟಾ ಬಂದಿದ್ದಳು. ಟಾಲಿವರ್ ತಲೆಯಾಡಿಸಿದರು.

"ಪಿಸ್ತೂಲಲ್ಲಿ ಗುಂಡಿಲ್ಲ ಅಂತ ನಂಗೆ ಗೊತ್ತಿತ್ತಮ್ಮ," ಎಂದ ಲೆಮ್. "ನಿಮಗೆ ಗೊತ್ತಿರ್ಲಿಲ್ಲ. ಸಾಯ್ತೀನಿ ಅನ್ನೋ ಭಯಾನ ನಿಮ್ಮೊಬ್ಬರ ಮೇಲೇ ಹೊರಿಸ್ಬಿಟ್ಟೆ. ರಾತ್ರಿ ನಿದ್ದೆ ಬರುತ್ತಾ ನಿಮಗೆ? ಅದೊಂದೇ ಕೇಳ್ಬೇಕಿತ್ತು."

ವೆಸ್ಟಾ ಬಾಯಿಗೆ ಕೈ ಅಡ್ಡ ಹಿಡಿದಳು. ಟಾಲಿವರ್ "ಎಂಟು ವರ್ಷ" ಎಂದರು, ಎದ್ದು ಒಳಗೆ ಹೋದರು. ಆ ನ್ಯಾಯಾಲಯದಲ್ಲಿ ಕೆಳಗಿಳಿದು ಕೈಕುಲುಕುವ ಪದ್ಧತಿಯಿಲ್ಲ.

ಲೆಮ್‌ಗೆ ಬೇಡಿ ಹಾಕಿ ಕರೆದೊಯ್ದರು. ನಾನು ಕರವಸ್ತ್ರ ಹುಡುಕುತ್ತಿದ್ದೆ. ಯಾರೋ ಹತ್ತಿರ ಬಂದು ನಿಂತರು, ತಲೆ ಎತ್ತಿದೆ. ವೆಸ್ಟಾ.

"ಬರಲ್ಲ ಅಂತ ಹೇಳಿ ಅವನಿಗೆ," ಎಂದಳು. "ನಿದ್ದೆ ಬರಲ್ಲ. ಇವತ್ತು ಬರಬಹುದು." ಹಾಗೆಂದು ಕೈ ಚಾಚಿದಳು.